ಕೀಲಿನ ಬೇನೆಯೂ ಹೃದಯದ ಯೋಗಕ್ಷೇಮವೂ

ನೋವು ಎಲ್ಲಿದೆಯೋ ರೋಗವೂ ಅಲ್ಲಿಯೇ ಇದೆಯೆಂದು ತಿಳಿಯುವುದು ಮನುಷ್ಯಸ್ವಭಾವ. ಹಲ್ಲು ನೋಯುವವನು ದವಡೆಯನ್ನು ಹಿಡಿದುಕೊಳ್ಳುತ್ತಾನೆ. ಮೊಣಕಾಲು ನೋಯುವವಳು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾಳೆ. ಬಹುಮಟ್ಟಿಗೆ ಈ ತಿಳಿವಳಿಕೆ ತಪ್ಪಲ್ಲ. ಆದರೆ ಕೆಲವು ರೋಗಗಳು ಒಂದು ಕಡೆ ಗಲಾಟೆ ಮಾಡಿ ಇನ್ನೊಂದು ಕಡೆ ಕನ್ನ ಹಾಕುತ್ತವೆ. ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಡಾಕ್ಟರರು ಕರೆಯುವ ಸಂಧಿವಾತ ಅಂಥದೊಂದು ರೋಗ. ಅದರ ಗಲಾಟೆಯೆಲ್ಲ ಬೆರಳ ಗೆಣ್ಣುಗಳಲ್ಲಿ. ಅದು ಕನ್ನ ಹಾಕುವುದು ಎದೆಗೂಡಿಗೆ. ಈ ಸಂಗತಿಯನ್ನು ವೈದ್ಯಲೋಕ ಚೆನ್ನಾಗಿ ಬಲ್ಲದು; ನಮ್ಮ ಮನೆಗಳಿಗೆ ಮಾತ್ರ ಅದಿನ್ನೂ ಬಂದು ತಲಪಿಲ್ಲ. ಕೀಲು ಬಾತ ರೋಗಿಯ ಹೃದಯವನ್ನೂ ನೋಡಿಕೊಳ್ಳುವುದು ನಮ್ಮಲ್ಲಿ ವಾಡಿಕೆಯಾಗಬೇಕೆಂಬುದೇ ಈ ಲೇಖನದ ಅಭಿಪ್ರಾಯ.

ಕಲಾಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ವೈದ್ಯಶಾಸ್ತ್ರದ ಮಾತೇಕೆ ಎಂದು ಕೆಲವು ಮಿತ್ರರು ಕೇಳಬಹುದು. ಚರಿತ್ರೆಯನ್ನೂ ಅರ್ಥಶಾಸ್ತ್ರವನ್ನೂ ಓದುವ ನಮಗೆ ಔಷಧಗಳ ಗೊಡವೆ ಬೇಡವೆಂಬ ವಾದ ಮೇಲುನೋಟಕ್ಕೆ ಸರಿಯಾಗಿಯೇ ತೋರುತ್ತದೆ. ಆದರೆ ಈ ರೋಗ ಯಾರನ್ನು ಹಿಡಿಯುತ್ತದೆ ಎಂಬುದನ್ನು ಗಮನಿಸಬೇಕು. ನೂರು ಮಂದಿ ವಯಸ್ಕರಲ್ಲಿ ಅರ್ಧದಿಂದ ಒಬ್ಬರವರೆಗೆ, ಅಂದರೆ ಸಾವಿರ ಮಂದಿ ದೊಡ್ಡವರಿರುವ ಊರಿನಲ್ಲಿ ಐದರಿಂದ ಹತ್ತು ಮಂದಿಗೆ, ಇದು ಇರುತ್ತದೆಂದು ಲೆಕ್ಕ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಯಾವ ವಯಸ್ಸಿನಲ್ಲಾದರೂ ಬರಬಹುದಾದರೂ ಮೂವತ್ತರಿಂದ ಅರುವತ್ತರ ನಡುವೆ ಕಾಣಿಸಿಕೊಳ್ಳುವುದೇ ಹೆಚ್ಚು. ಅದು ನಮ್ಮ ತಾಯಂದಿರ, ಚಿಕ್ಕಮ್ಮ ದೊಡ್ಡಮ್ಮಂದಿರ ವಯಸ್ಸು. ರೋಗಿಯ ಬಳಿ ಡಾಕ್ಟರು ಹತ್ತು ನಿಮಿಷ ಇರುತ್ತಾರೆ. ಮನೆಯವರು ವರ್ಷವೆಲ್ಲ ಇರುತ್ತೇವೆ. ಆದ್ದರಿಂದ ಇದನ್ನು ಅರಿಯುವ ಹೊಣೆ ನಮಗೂ ಉಂಟು.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ನಮ್ಮ ಆಡುಮಾತಿನಲ್ಲಿ ಕೀಲುನೋವು, ಗಂಟುನೋವು, ವಾಯು, ವಾತ ಎಂಬ ಮಾತುಗಳೆಲ್ಲ ಒಂದೇ ಚೀಲದಲ್ಲಿ ಬಿದ್ದಿವೆ. ಆ ಚೀಲದಲ್ಲಿ ಕಡೆಯ ಪಕ್ಷ ಮೂರು ಬೇರೆ ಬೇರೆ ರೋಗಗಳಿವೆ. ಒಂದು, ವಯಸ್ಸಾದಂತೆ ಮೊಣಕಾಲು ಸವೆದು ಬರುವ ನೋವು. ಇದು ಎಲ್ಲಕ್ಕಿಂತ ಹೆಚ್ಚು ಜನರಲ್ಲಿ ಕಾಣತಕ್ಕದ್ದು. ಎರಡನೆಯದು ರುಮ್ಯಾಟಿಕ್ ಜ್ವರ. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಗಂಟಲು ಬೇನೆಯಾದ ಕೆಲವು ವಾರಗಳ ಮೇಲೆ ಬರುತ್ತದೆ. ಕೀಲುಗಳನ್ನು ನಾಲ್ಕು ದಿನ ಕಾಡಿ ಬಿಟ್ಟುಬಿಡುತ್ತದೆ, ಆದರೆ ಹೃದಯದ ಕವಾಟಗಳನ್ನು ಶಾಶ್ವತವಾಗಿ ಕೆಡಿಸಬಲ್ಲದು. ಅಂಥ ಮಕ್ಕಳಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಡುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ಮೂರನೆಯದು ಈ ಲೇಖನದ ವಿಷಯವಾದ ರುಮಟಾಯ್ಡ್ ಸಂಧಿವಾತ. ಹೆಸರಿನಲ್ಲಿ ರುಮ್ಯಾಟಿಕ್ ಜ್ವರವನ್ನು ಹೋಲಿದರೂ ಇದರ ಮೂಲವೇ ಬೇರೆ, ಹೃದಯವನ್ನು ಕೆಡಿಸುವ ರೀತಿಯೂ ಬೇರೆ. ಮಕ್ಕಳ ಜ್ವರ ಹೃದಯಕ್ಕೆ ಕೆಟ್ಟದ್ದೆಂಬುದು ಎಷ್ಟೋ ಜನರಿಗೆ ಗೊತ್ತು. ದೊಡ್ಡವರ ಈ ಸಂಧಿವಾತವೂ ಕೆಟ್ಟದ್ದೆಂಬುದು ಗೊತ್ತಿಲ್ಲ.

ಈ ರೋಗದಲ್ಲಿ, ಹೊರಗಿನ ಶತ್ರುಗಳಿಂದ ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ತನ್ನವರ ಮೇಲೆ ತಿರುಗಿಬೀಳುತ್ತದೆ. ಕೀಲುಗಳ ಒಳಪೊರೆ ಉರಿಯೂತಗೊಂಡು ದಪ್ಪವಾಗುತ್ತದೆ. ಕೈಬೆರಳು, ಮಣಿಕಟ್ಟು, ಕಾಲ್ಬೆರಳುಗಳ ಸಣ್ಣ ಕೀಲುಗಳು ಎರಡೂ ಪಕ್ಕಗಳಲ್ಲಿ ಬಾತುಕೊಳ್ಳುತ್ತವೆ. ಬೆಳಗ್ಗೆ ಎದ್ದ ಮೇಲೆ ಅರ್ಧ ಗಂಟೆ, ಒಂದು ಗಂಟೆಯವರೆಗೆ ಮುಷ್ಟಿ ಕಟ್ಟಲಾಗದು, ರೊಟ್ಟಿ ತಟ್ಟಲಾಗದು, ಬಟ್ಟೆ ಹಿಂಡಲಾಗದು. ಸವೆತದ ನೋವು ಕೆಲಸ ಮಾಡಿದಷ್ಟೂ ಹೆಚ್ಚುತ್ತದೆ. ಈ ನೋವು ವಿಶ್ರಾಂತಿಯ ಮೇಲೆಯೇ ಹೆಚ್ಚಾಗಿರುತ್ತದೆ. ಜೊತೆಗೆ ಬಳಲಿಕೆ, ಸಣ್ಣ ಜ್ವರ, ರಕ್ತಹೀನತೆ. ಈ ಕೊನೆಯ ಮೂರು ಲಕ್ಷಣಗಳನ್ನು ನೋಡಿದರೆ ಸಾಕು, ಇದು ಕೇವಲ ಕೀಲಿನ ರೋಗವಲ್ಲ, ಸರ್ವಾಂಗದ ರೋಗವೆಂಬುದು ಮನವರಿಕೆಯಾಗುತ್ತದೆ.

ಪಶ್ಚಿಮದಲ್ಲಿ ಈ ರೋಗವನ್ನು ಬೇರೆಯಾಗಿ ಗುರುತಿಸಿ 1800ರಲ್ಲಿ ಬರೆದವನು ಪ್ಯಾರಿಸಿನ ವೈದ್ಯ ಲಾಂಡ್ರೆ ಬೋವೆ. ಈಗಿನ ಹೆಸರನ್ನು ಕೊಟ್ಟವನು ಇಂಗ್ಲೆಂಡಿನ ಆಲ್ಫ್ರೆಡ್ ಗ್ಯಾರಡ್, 1859ರಲ್ಲಿ. ನಮ್ಮ ದೇಶದಲ್ಲಿ ಅದಕ್ಕಿಂತ ಸುಮಾರು ಸಾವಿರ ವರ್ಷಗಳ ಹಿಂದೆಯೇ ಮಾಧವಕರನು ತನ್ನ ನಿದಾನಗ್ರಂಥದಲ್ಲಿ ಆಮವಾತವೆಂಬ ರೋಗವನ್ನು ವರ್ಣಿಸಿದ್ದಾನೆ. ಕೈ, ಕಾಲು, ಹರಡು, ಮೊಣಕಾಲುಗಳ ಸಂಧಿಗಳು ಬಾತು ನೋಯುವುದನ್ನು ಹೇಳಿ, ರೋಗ ಉಲ್ಬಣಿಸಿದಾಗ ಬರತಕ್ಕ ಉಪದ್ರವಗಳಲ್ಲಿ ಹೃದ್ಗ್ರಹವನ್ನೂ, ಅಂದರೆ ಎದೆ ಹಿಡಿದಂತಾಗುವುದನ್ನೂ, ಅವನು ಎಣಿಸಿದ್ದಾನೆ. ಅವನ ಆಮವಾತವೂ ಇಂದಿನ ರುಮಟಾಯ್ಡ್ ಸಂಧಿವಾತವೂ ಅಚ್ಚುಕಟ್ಟಾಗಿ ಒಂದೇ ಎಂದು ಹೇಳುವುದು ದುಡುಕಾದೀತು. ಆ ವರ್ಣನೆ ರುಮ್ಯಾಟಿಕ್ ಜ್ವರಕ್ಕೂ ಹೊಂದುತ್ತದೆ. ಆದರೂ ಸಂಧಿಯನ್ನು ನೋಡುವಾಗ ಹೃದಯವನ್ನು ಮರೆಯಬಾರದೆಂಬ ದೃಷ್ಟಿ ನಮ್ಮ ವೈದ್ಯಕ್ಕೆ ಹೊಸದಲ್ಲವೆಂಬುದಂತೂ ಇದರಿಂದ ಸಿದ್ಧವಾಗುತ್ತದೆ. ಹಳೆಯ ಪಂಡಿತರಿಗೆ ಇದ್ದ ಈ ಎಚ್ಚರ ಇಂದಿನ ಮನೆಗಳಲ್ಲಿ ಇಲ್ಲದಿರುವುದು ಶೋಚನೀಯ.

ಬೆರಳಿನ ಗೆಣ್ಣಿಗೂ ಹೃದಯಕ್ಕೂ ಎತ್ತಣ ಸಂಬಂಧ? ಉರಿಯೂತಗೊಂಡ ಕೀಲಿನಲ್ಲಿ ಹುಟ್ಟುವ ಕೆಲವು ರಾಸಾಯನಿಕ ದ್ರವ್ಯಗಳು ಕೀಲಿನಲ್ಲೇ ನಿಲ್ಲದೆ ರಕ್ತದಲ್ಲಿ ಸೇರಿ ದೇಹವೆಲ್ಲ ಸುತ್ತುತ್ತವೆ. ಅವು ರಕ್ತನಾಳಗಳ ನಯವಾದ ಒಳಮೈಯನ್ನು ಕೆರಳಿಸುತ್ತವೆ. ಕೆರಳಿದ ಒಳಮೈಯಲ್ಲಿ ಕೊಬ್ಬು ಬೇಗ ಮೆತ್ತಿಕೊಳ್ಳುತ್ತದೆ; ಮೆತ್ತಿಕೊಂಡ ಕೊಬ್ಬಿನ ಗಡ್ಡೆ ಬೇಗ ಬಿರಿಯುತ್ತದೆ; ಬಿರಿದಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯವನ್ನು ಪೋಷಿಸುವ ನಾಳ ಮುಚ್ಚಿಹೋಗುತ್ತದೆ. ಹೃದಯಾಘಾತವೆಂದರೆ ಇದೇ. ಈ ಹೆದ್ದಾರಿಯಲ್ಲದೆ ಬೇರೆ ದಾರಿಗಳೂ ಉಂಟು. ಹೃದಯವನ್ನು ಸುತ್ತಿರುವ ಚೀಲ ಉರಿಯೂತಗೊಂಡು ಅದರಲ್ಲಿ ನೀರು ತುಂಬಬಹುದು. ಬಹುಮಂದಿಯಲ್ಲಿ ಇದು ಯಾವ ತೊಂದರೆಯನ್ನೂ ತೋರದೆ ಇದ್ದುಬಿಡುತ್ತದೆ, ಕೆಲವರಲ್ಲಿ ಮಾತ್ರ ಎದೆನೋವನ್ನೂ ಉಬ್ಬಸವನ್ನೂ ತರುತ್ತದೆ. ಹೃದಯದ ಸ್ನಾಯು ಪೆಡಸಾಗಿ ರಕ್ತವನ್ನು ಸರಾಗವಾಗಿ ತುಂಬಿಕೊಳ್ಳಲಾರದೆ ಸೋಲಬಹುದು. ಅಪರೂಪಕ್ಕೆ ಕವಾಟಗಳಲ್ಲಿಯೂ, ಹೃದಯದ ಬಡಿತವನ್ನು ನಡೆಸುವ ತಂತುಗಳಲ್ಲಿಯೂ ಸಣ್ಣ ಗಂಟುಗಳು ಏಳುವುದುಂಟು.

ಇದು ಬರಿಯ ತರ್ಕವಲ್ಲ. ಎಣಿಕೆಯಿಂದ ಸ್ಥಿರಪಟ್ಟ ವಿಷಯ. ಅಮೆರಿಕದಲ್ಲಿ ದಾದಿಯರ ಆರೋಗ್ಯವನ್ನು 1976ರಿಂದ ಅನುಸರಿಸಿಕೊಂಡು ಬಂದ ಒಂದು ದೊಡ್ಡ ಅಧ್ಯಯನವಿದೆ. ಅದರಲ್ಲಿದ್ದ ಲಕ್ಷಕ್ಕೂ ಮೀರಿದ ಸ್ತ್ರೀಯರ ವಿವರಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಈ ಸಂಧಿವಾತವಿದ್ದವರಲ್ಲಿ ಹೃದಯಾಘಾತದ ಸಂಭವ ಇತರರಿಗಿಂತ ಎರಡು ಪಟ್ಟು; ರೋಗ ಹತ್ತು ವರ್ಷ ಮೀರಿದವರಲ್ಲಿ ಸುಮಾರು ಮೂರು ಪಟ್ಟು. 2008ರಲ್ಲಿ ಇಪ್ಪತ್ತನಾಲ್ಕು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸಾಯುವ ಸಂಭವ ಈ ರೋಗಿಗಳಲ್ಲಿ ಒಂದೂವರೆಯಷ್ಟಿರುವುದು ಕಂಡಿತು. ಯೂರೋಪಿನ ಸಂಧಿರೋಗತಜ್ಞರ ಸಂಘವು ಇಂಥ ಆಧಾರಗಳ ಮೇಲೆ ಒಂದು ನಿಯಮವನ್ನೇ ಮಾಡಿದೆ: ವಯಸ್ಸು, ರಕ್ತದೊತ್ತಡ, ಕೊಲೆಸ್ಟರಾಲ್, ಹೊಗೆಸೊಪ್ಪುಗಳನ್ನು ಲೆಕ್ಕಹಾಕಿ ಬಂದ ಹೃದ್ರೋಗದ ಅಂಕವನ್ನು, ರೋಗಿಗೆ ಈ ಸಂಧಿವಾತವಿದ್ದರೆ 1.5ರಿಂದ ಗುಣಿಸತಕ್ಕದ್ದು. ಸಕ್ಕರೆ ರೋಗ ಹೃದಯಕ್ಕೆ ಕೆಟ್ಟದ್ದೆಂದು ಹಳ್ಳಿಯ ಮುದುಕರೂ ಇಂದು ಬಲ್ಲರು. ಈ ಸಂಧಿವಾತವನ್ನು ಅದರ ಪಕ್ಕದಲ್ಲಿಯೇ ಕೂಡಿಸಬೇಕೆಂಬುದು ನನ್ನ ವಾದ.

ಇಷ್ಟು ಸ್ಪಷ್ಟವಾಗಿದ್ದರೂ ಅಪಾಯ ಕಣ್ಣಿಗೆ ಬೀಳದಿರುವುದಕ್ಕೆ ಕಾರಣಗಳಿವೆ. ಸಾಮಾನ್ಯ ಮನುಷ್ಯನಿಗೆ ಹೃದಯದ ನಾಳ ಕಿರಿದಾಗುತ್ತಿದ್ದರೆ, ಬೇಗ ನಡೆದಾಗ ಅಥವಾ ಮೆಟ್ಟಿಲು ಹತ್ತಿದಾಗ ಎದೆ ಬಿಗಿದು ಎಚ್ಚರಿಕೆ ಕೊಡುತ್ತದೆ. ಸಂಧಿವಾತದ ರೋಗಿ ಬೇಗ ನಡೆಯುವುದೇ ಇಲ್ಲ, ಮೆಟ್ಟಿಲಂತೂ ದೂರ. ಆದ್ದರಿಂದ ಆ ಎಚ್ಚರಿಕೆ ಬರುವುದಕ್ಕೆ ಅವಕಾಶವೇ ಇಲ್ಲ. ಭುಜಕ್ಕೆ, ದವಡೆಗೆ, ತೋಳಿಗೆ ಹರಿದ ನೋವನ್ನು ಹಳೆಯ ಕೀಲುನೋವಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಎದೆ ಉರಿದರೆ ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿಸುತ್ತಾರೆ. ಅಮೆರಿಕದ ಮಿನೆಸೋಟ ಸಂಸ್ಥಾನದಲ್ಲಿ ಒಂದು ಜಿಲ್ಲೆಯ ರೋಗಿಗಳ ದಾಖಲೆಗಳನ್ನು ನೋಡಿ 2005ರಲ್ಲಿ ಹೊರಟ ವರದಿಯೂ ಇದನ್ನೇ ಹೇಳಿತು: ಈ ರೋಗಿಗಳು ಎದೆನೋವೆಂದು ಹೇಳಿಕೊಳ್ಳುವುದು ಕಡಮೆ, ಗೊತ್ತೇ ಆಗದೆ ಸಂಭವಿಸಿದ ಹೃದಯಾಘಾತಗಳೂ ಹಠಾತ್ ಮರಣಗಳೂ ಹೆಚ್ಚು. ಇನ್ನೊಂದು ವಿಚಿತ್ರವೂ ಉಂಟು. ರೋಗ ಉಲ್ಬಣಿಸಿರುವಾಗ ರಕ್ತದ ಕೊಲೆಸ್ಟರಾಲ್ ಇಳಿದಿರುತ್ತದೆ. ಆ ಅಂಕಿಯನ್ನು ನೋಡಿ ಹೃದಯ ಸುಖವಾಗಿದೆ ಎಂದುಕೊಂಡರೆ ಮೋಸಹೋದಂತೆಯೇ. ಆಗಲೇ ಅಪಾಯ ಹೆಚ್ಚು.

ನೋವು ಹೋದರೆ ರೋಗ ಹೋಯಿತೆಂಬ ಭ್ರಮೆಯಂತೂ ಎಲ್ಲಕ್ಕಿಂತ ಬಲವಾದುದು. ಇದಕ್ಕೆ ಚರಿತ್ರೆ ಎರಡು ಪಾಠಗಳನ್ನು ಕಲಿಸಿದೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಅವನ ಸಹೋದ್ಯೋಗಿಗಳು, ಏಳಲಾರದಿದ್ದ ಸಂಧಿವಾತದ ರೋಗಿಯೊಬ್ಬಳಿಗೆ ಮುಂದೆ ಕಾರ್ಟಿಸೋನ್ ಎಂದು ಹೆಸರಾದ ಔಷಧವನ್ನು ಚುಚ್ಚಿದರು. ಕೆಲವೇ ದಿನಗಳಲ್ಲಿ ಅವಳು ಎದ್ದು ನಡೆದಳು. ಜಗತ್ತು ಬೆರಗಾಯಿತು, 1950ರಲ್ಲಿ ಹೆಂಚ್‌ಗೂ, ಕೆಂಡಾಲ್ ಮತ್ತು ರೈಕ್‌ಸ್ಟೈನ್ ಎಂಬ ರಸಾಯನಶಾಸ್ತ್ರಜ್ಞರಿಗೂ ನೊಬೆಲ್ ಬಹುಮಾನ ಬಂದಿತು. ಆದರೆ ಆ ಜಾತಿಯ ಔಷಧವನ್ನು ಹೆಚ್ಚು ಪ್ರಮಾಣದಲ್ಲಿ ಬಹುಕಾಲ ಸೇವಿಸಿದರೆ ರಕ್ತದೊತ್ತಡ, ಸಕ್ಕರೆ, ತೂಕ ಏರಿ ಹೃದಯಕ್ಕೇ ಭಾರವಾಗುತ್ತದೆಂಬುದು ಬೇಗನೆ ತಿಳಿಯಿತು. ಎರಡನೆಯ ಪಾಠ ರೋಫೆಕಾಕ್ಸಿಬ್ ಎಂಬ ನೋವುಶಮನಕಾರಿಯದು. 1999ರಲ್ಲಿ ಮಾರುಕಟ್ಟೆಗೆ ಬಂದ ಈ ಮಾತ್ರೆಯನ್ನು ಎಂಟು ಸಾವಿರಕ್ಕೂ ಮೀರಿದ ಸಂಧಿವಾತ ರೋಗಿಗಳಲ್ಲಿ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೋಲಿಕೆಗೆ ತೆಗೆದುಕೊಂಡ ಹಳೆಯ ಮಾತ್ರೆಗಿಂತ ಇದನ್ನು ನುಂಗಿದವರಲ್ಲಿಯೇ ಹೃದಯಾಘಾತ ಹೆಚ್ಚಾಗಿ ಕಂಡಿತು. ಆದರೂ ಅದು ನಾಲ್ಕು ವರ್ಷ ಮಾರಾಟವಾಗುತ್ತಲೇ ಇದ್ದು, 2004ರ ಸೆಪ್ಟೆಂಬರಿನಲ್ಲಿ ಹಿಂತೆಗೆಯಲ್ಪಟ್ಟಿತು. ಅದೇ ಡಿಸೆಂಬರಿನಲ್ಲಿ ಭಾರತ ಸರ್ಕಾರವೂ ಅದನ್ನು ನಿಷೇಧಿಸಿತು. ಆ ಮಾತ್ರೆ ಹೋದರೂ ಅದರ ಬಳಗದ ಅನೇಕ ನೋವಿನ ಮಾತ್ರೆಗಳು ಇಂದಿಗೂ ಚೀಟಿಯಿಲ್ಲದೆ ಅಂಗಡಿಗಳಲ್ಲಿ ದೊರೆಯುತ್ತವೆ. ಅವುಗಳನ್ನು ವರ್ಷಗಟ್ಟಲೆ ನುಂಗುವುದು ಮೂತ್ರಪಿಂಡಕ್ಕೂ ಹೃದಯಕ್ಕೂ ಹಿತವಲ್ಲ.

ಹಾಗಾದರೆ ಹೃದಯವನ್ನು ಕಾಯುವುದು ಯಾವುದು? ನೋವನ್ನು ಮರೆಸುವ ಔಷಧವಲ್ಲ, ಉರಿಯೂತವನ್ನು ಅಡಗಿಸುವ ಔಷಧ. ಅವುಗಳಲ್ಲಿ ಮುಖ್ಯವಾದ ಮೆಥೊಟ್ರೆಕ್ಸೇಟ್ ಹಳೆಯ ಔಷಧ, ಬೆಲೆಯೂ ಹೆಚ್ಚಲ್ಲ. ಅದನ್ನು ಸೇವಿಸುವ ರೋಗಿಗಳಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗ ಸುಮಾರು ಐದರಲ್ಲಿ ಒಂದು ಪಾಲು ಕಡಮೆಯೆಂದು 2011ರ ಒಂದು ಸಮೀಕ್ಷೆ ಕಂಡುಕೊಂಡಿತು. ಇದನ್ನು ಓದಿ ಎಲ್ಲ ಹೃದ್ರೋಗಿಗಳಿಗೂ ಅದು ರಾಮಬಾಣವೆಂದು ಭಾವಿಸಬಾರದು. ಸಂಧಿವಾತವಿಲ್ಲದ ಹೃದ್ರೋಗಿಗಳಿಗೆ ಅದನ್ನು ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಉರಿಯುವ ಬೆಂಕಿ ಇದ್ದಲ್ಲಿ ನೀರಿನಿಂದ ಉಪಯೋಗ. ಇಲ್ಲದಲ್ಲಿ ನೆಲ ಒದ್ದೆ ಮಾತ್ರ. ಇಲ್ಲಿಯೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ಮಾತ್ರೆಯನ್ನು ಸಂಧಿವಾತಕ್ಕೆ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳತಕ್ಕದ್ದು. ತಿಳಿಯದೆ ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಗರ್ಭಿಣಿಯರಿಗಂತೂ ಇದು ಕೂಡದು. ರಕ್ತಪರೀಕ್ಷೆಯನ್ನು ಆಗಾಗ ಮಾಡಿಸುತ್ತ ಡಾಕ್ಟರರ ಕೈಕೆಳಗೇ ನಡೆಯಬೇಕಾದ ಚಿಕಿತ್ಸೆ ಇದು.

ನನ್ನ ವಾದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಮೊದಲೇ ನೋವಿನಿಂದ ಬಳಲುತ್ತಿರುವವಳಿಗೆ ಹೃದಯದ ಭಯವನ್ನೂ ತುಂಬುವುದು ಕ್ರೌರ್ಯವಲ್ಲವೇ ಎಂದು ಕೆಲವರು ಕೇಳುತ್ತಾರೆ. ಭಯ ಹುಟ್ಟುವುದು ಉಪಾಯವಿಲ್ಲದ ಅಪಾಯದಿಂದ. ಇಲ್ಲಿ ಉಪಾಯ ಉಂಟು. ಬಡವರಿಗೆ ಇಷ್ಟೆಲ್ಲ ಪರೀಕ್ಷೆಗಳು ಎಟುಕುವುದೆಂತು ಎಂಬುದು ಎರಡನೆಯ ಆಕ್ಷೇಪಣೆ. ಇದು ಹೆಚ್ಚು ತೂಕವುಳ್ಳದ್ದು. ಪಟ್ಟಣದ ತಜ್ಞರ ಬಳಿಗೆ ಹೋಗಿಬರುವ ಬಸ್ಸಿನ ಚಾರ್ಜು, ಆ ದಿನದ ಕೂಲಿಯ ನಷ್ಟ, ಜೊತೆಗೆ ಬರುವವರ ಊಟ, ಇವೆಲ್ಲ ಸೇರಿ ಔಷಧಕ್ಕಿಂತ ದುಬಾರಿಯಾಗುವುದನ್ನು ನಾವು ಬಲ್ಲೆವು. ಆದರೆ ಹೃದಯದ ಕಾವಲಿನ ಮೊದಲ ಮೆಟ್ಟಿಲು ರಕ್ತದೊತ್ತಡ ನೋಡುವುದು, ಸಕ್ಕರೆ ಪರೀಕ್ಷಿಸುವುದು, ಬೀಡಿ ಸಿಗರೇಟು ಬಿಡಿಸುವುದು. ಇಷ್ಟಕ್ಕೆ ಪ್ರಾಥಮಿಕ ಆರೋಗ್ಯಕೇಂದ್ರವೇ ಸಾಕು. ಹೊಗೆಸೊಪ್ಪಿನ ಹೊಗೆಯಂತೂ ಈ ಸಂಧಿವಾತವನ್ನು ತರುವುದರಲ್ಲಿಯೂ ಹೃದಯವನ್ನು ಕೆಡಿಸುವುದರಲ್ಲಿಯೂ ಸಮಪಾಲುಗಾರ. ಎಣ್ಣೆ, ಎಕ್ಕದೆಲೆ, ಉಪ್ಪಿನ ಶಾಖಗಳನ್ನು ಬಿಡಬೇಕೆ ಎಂಬುದು ಮೂರನೆಯ ಪ್ರಶ್ನೆ. ಬಿಡಬೇಕಾಗಿಲ್ಲ, ಬಿಸಿಶಾಖ ನೋವಿಗೆ ಹಿತ, ಅದರ ಜೊತೆ ಬರುವ ಮಗಳ ಕೈ ಮನಸ್ಸಿಗೆ ಹಿತ. ಆದರೆ ಚರ್ಮದ ಮೇಲಿನ ಎಣ್ಣೆ ರಕ್ತದೊಳಗಿನ ಉರಿಯನ್ನು ಆರಿಸಲಾರದೆಂಬುದನ್ನು ತಿಳಿದು ಬಳಸಬೇಕು.

ಮೂವತ್ತು ದಾಟಿದವರ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಊರೂರಿಗೆ ಹೋಗಿ ನೋಡುವ ಕಾರ್ಯಕ್ರಮ ನಮ್ಮ ದೇಶದಲ್ಲಿ ನಡೆಯುತ್ತಿದೆ. ಆ ಹೊತ್ತಿನಲ್ಲಿ ಬೆಳಗ್ಗೆ ಕೈ ಎಷ್ಟು ಹೊತ್ತು ಮಡಿಸಲಾಗದು, ಗೆಣ್ಣು ಬಾತಿದೆಯೇ ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಹೌದೆಂದವರನ್ನು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕಳುಹಿಸಬೇಕು. ಕೀಲು ನೋಡುವ ಡಾಕ್ಟರು ಹೃದಯವನ್ನು ಬೇರೆಯವರ ಪಾಲೆಂದೂ, ಹೃದಯ ನೋಡುವವರು ಕೀಲನ್ನು ಬೇರೆಯವರ ಪಾಲೆಂದೂ ಬಿಟ್ಟರೆ ನಡುವೆ ಹಾಳಾಗುವವಳು ರೋಗಿ. ಎರಡನ್ನೂ ಒಂದೇ ಚೀಟಿಯಲ್ಲಿ ಬರೆಯುವ ಪದ್ಧತಿ ಬರಲಿ. ಇನ್ನು ಮನೆಯಲ್ಲಿ ಮಾಡಬೇಕಾದ ಕೆಲಸ ನಮ್ಮದು. ಬೆರಳು ಬಾತು ಆರು ವಾರ ಕಳೆದರೂ ಇಳಿಯದಿದ್ದರೆ ಕಾಯದೆ ತೋರಿಸಬೇಕು. ಅಂಗಡಿಯ ನೋವಿನ ಮಾತ್ರೆಗೆ ಕಡಿವಾಣ ಹಾಕಬೇಕು. ತಾಳಿದಷ್ಟು ನಡಿಗೆಗೆ ಜೊತೆಗೂಡಬೇಕು. ಎದೆ ಬಿಗಿತ, ಬೆವರು, ಉಬ್ಬಸ, ಕಾರಣವಿಲ್ಲದ ಹಠಾತ್ ಸುಸ್ತು ಕಂಡರೆ ಅದನ್ನು ವಾಯುವೆಂದು ಕರೆಯದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.

1967ರ ಡಿಸೆಂಬರ್ 3ರಂದು ಕೇಪ್‌ಟೌನಿನಲ್ಲಿ ಒಬ್ಬ ಮನುಷ್ಯನ ಹೃದಯವನ್ನು ಇನ್ನೊಬ್ಬನ ಎದೆಗೆ ಮೊತ್ತಮೊದಲು ಜೋಡಿಸಿದ ಕ್ರಿಶ್ಚಿಯನ್ ಬರ್ನಾರ್ಡ್ ಅವರನ್ನು ಎಲ್ಲರೂ ಬಲ್ಲರು. ಆ ಕೈಗಳಿಗೆ ಇದೇ ಸಂಧಿವಾತವಿತ್ತೆಂಬುದು ಅನೇಕರಿಗೆ ತಿಳಿಯದು. ರೋಗ ಹತ್ತು ವರ್ಷಕ್ಕೂ ಹಿಂದಿನದು. ಅದನ್ನು ಹೊತ್ತುಕೊಂಡೇ ಅವರು ಆ ಶಸ್ತ್ರಕ್ರಿಯೆಯನ್ನು ನಡೆಸಿದರು, ಕೊನೆಗೆ ಅದರಿಂದಾಗಿಯೇ 1983ರಲ್ಲಿ ಶಸ್ತ್ರವನ್ನು ಕೆಳಗಿಟ್ಟರು. ಅಂಥವರ ಕೈ ನೋವನ್ನು ಜಗತ್ತು ಗಮನಿಸಿತು. ನಸುಕಿನಲ್ಲಿ ಎದ್ದು, ಮಡಿಸಲಾರದ ಬೆರಳುಗಳಿಂದ ಒಲೆ ಹೊತ್ತಿಸಿ, ನಮ್ಮನ್ನು ಕಾಲೇಜಿಗೆ ಕಳುಹಿಸುವ ಕೈಗಳ ನೋವನ್ನು ಗಮನಿಸತಕ್ಕವರು ನಾವಲ್ಲದೆ ಬೇರೆ ಯಾರೂ ಇಲ್ಲ. ಆ ಕೈಯನ್ನು ಹಿಡಿದು ನೋಡುವಾಗ ನಾಡಿಯನ್ನೂ ನೋಡಿಸೋಣ. ವಿದ್ಯಾವಂತರಾದ ಮಕ್ಕಳಿಂದ ಮನೆ ನಿರೀಕ್ಷಿಸಬಹುದಾದ ಸೇವೆಗಳಲ್ಲಿ ಇದು ಚಿಕ್ಕದಲ್ಲ.